ಕಜ್ಜಾಯಕ್ಕೆ ತಕ್ಕ ಕಾಸು: ಫಲಿತಾಂಶ ನೋಡಿ ಹಣ ಕೊಡುವ ಕರಾರು ಮಾಡಿಕೊಳ್ಳುವುದು ಹೇಗೆ

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದು ಎಸ್‌ಟಿಪಿ ಇದೆ. ಕೊಳಚೆ ನೀರನ್ನು ಶುದ್ಧ ಮಾಡಿ ಫ್ಲಶ್ಶಿಗೂ ಗಿಡಗಳಿಗೂ ಕಳಿಸುವ ಘಟಕ ಅದು. 120 ಮನೆ, ದಿನಕ್ಕೆ 80 ಸಾವಿರ ಲೀಟರ್ ಸಾಮರ್ಥ್ಯ. ನಾನು ಸಂಘದ ಖಜಾಂಚಿಯಾದಾಗ ಅದರ ನಿರ್ವಹಣೆಗೆಂದು ಒಂದು ಕಂಪನಿಗೆ ತಿಂಗಳಿಗೆ 90 ಸಾವಿರ ಕೊಡುತ್ತಿದ್ದೆವು. ಒಂದನೇ ತಾರೀಕಿಗೆ ಬಿಲ್ಲು ತಪ್ಪುತ್ತಿರಲಿಲ್ಲ, ಸಂಜೆ ಏಳಕ್ಕೆ ವಾಸನೆಯೂ ತಪ್ಪುತ್ತಿರಲಿಲ್ಲ. ಫ್ಲಶ್ ಒತ್ತಿದರೆ ಚಹಾ ಬಣ್ಣದ ನೀರು. ಹೋಗಿ ಕೇಳಿದರೆ ಸೂಪರ್‌ವೈಸರ್ ರಿಜಿಸ್ಟರ್ ಬಿಡಿಸಿ ಮುಂದಿಡುತ್ತಿದ್ದರು: ನೋಡಿ ಸರ್, ಮೂರು ಪಾಳಿಯಲ್ಲೂ ಆಪರೇಟರ್ ಸಹಿ ಇದೆ, ಗಾಳಿ ಊದುವ ಬ್ಲೋವರ್ ಓಡಿದೆ, ಫಿಲ್ಟರ್ ತೊಳೆಯುವ ಬ್ಯಾಕ್‌ವಾಶ್ ಆಗಿದೆ. ಸುಳ್ಳೇನೂ ಇರಲಿಲ್ಲ. ಕೆಲಸ ಮಾಡಿದ್ದರು, ಕೆಲಸ ಆಗಿರಲಿಲ್ಲ ಅಷ್ಟೆ.

ಮಾಡಿದ್ದಕ್ಕೆ ದುಡ್ಡು ಕೊಡುವುದು ಬೇರೆ, ಆಗಿದ್ದಕ್ಕೆ ಕೊಡುವುದು ಬೇರೆ. ಈ ಲೇಖನ ಎರಡನೆಯದನ್ನು ಕುರಿತದ್ದು. ಅಪಾರ್ಟ್‌ಮೆಂಟ್ ಸಂಘ, ಶಾಲಾ ಸಮಿತಿ, ದೇವಸ್ಥಾನದ ಟ್ರಸ್ಟ್, ಸಹಕಾರ ಸಂಘ, ಹೀಗೆ ಹತ್ತು ಜನರ ದುಡ್ಡನ್ನು ಇನ್ನೊಬ್ಬರ ಕೈಗೆ ಕೊಟ್ಟು ಕೆಲಸ ತೆಗೆಯಬೇಕಾದವರಿಗೆ ಇದು ಬೇಕಾಗುತ್ತದೆ. ‘ಕಾಸಿಗೆ ತಕ್ಕ ಕಜ್ಜಾಯ’ ಎಂಬ ಗಾದೆಯನ್ನು ತಿರುಗಿಸಿ ಹಿಡಿದ ಹಾಗೆ. ಮೊದಲೇ ಹೇಳಿಬಿಡುತ್ತೇನೆ, ಕೇಳುವಾಗ ಇದು ಬಹಳ ಸಲೀಸು. ಬರೆಯಲು ಕೂತಾಗ ಕಷ್ಟ ಗೊತ್ತಾಗುತ್ತದೆ. ನಮ್ಮ ಮೊದಲ ಕರಾರು ಎರಡೇ ತಿಂಗಳಿಗೆ ಮಗುಚಿಕೊಂಡಿತು. ಹೇಗೆಂದು ಮುಂದೆ ಹೇಳುತ್ತೇನೆ.

ಹೆಜ್ಜೆ 1: ಈ ಕೆಲಸಕ್ಕೆ ಈ ಪದ್ಧತಿ ಒಗ್ಗುತ್ತದೆಯೇ?

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಕೊಳೆರೋಗದ ಔಷಧಿ, ಅಂದರೆ ಬೋರ್ಡೋ ದ್ರಾವಣ, ಹೊಡೆಸಬೇಕು. ಮರ ಹತ್ತಿ ಕೊನೆಗೆ, ಅಂದರೆ ಅಡಿಕೆ ಗೊಂಚಲಿಗೆ, ಔಷಧಿ ಹೊಡೆಯುವ ಕೊನೆಗಾರರಿಗೆ “ಕೊಳೆ ಬಾರದಿದ್ದರೆ ಮಾತ್ರ ಕೂಲಿ” ಎಂದು ಯಾರಾದರೂ ಹೇಳಿದ್ದುಂಟೇ? ಹೇಳಿದರೆ ಮಾರನೇ ದಿನದಿಂದ ಅವರ ತೋಟಕ್ಕೆ ಯಾರೂ ಬರುವುದಿಲ್ಲ. ಕೊಳೆ ಬರುವುದು ಔಷಧಿಯ ಹದದ ಮೇಲೆ ಎಷ್ಟೋ, ಬಿಡದೆ ಹೊಯ್ಯುವ ಮಳೆಯ ಮೇಲೂ ಅಷ್ಟೇ. ಮಳೆ ಕೊನೆಗಾರರ ಕೈಯಲ್ಲಿಲ್ಲ. ಕೊನೆಗೆ ಔಷಧಿ ಸರಿಯಾಗಿ ಸೋಕಿದೆಯೇ ಎಂಬುದು ಮಾತ್ರ ಅವರ ಕೈಯಲ್ಲಿದೆ, ಆದ್ದರಿಂದ ಅಪ್ಪಯ್ಯ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದುದು ಅದನ್ನೇ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾವು ಬಯಸುವ ಫಲದಲ್ಲಿ ಕೆಲಸ ಮಾಡುವವರ ಕೈವಾಡ ಎಷ್ಟು? ಮುಕ್ಕಾಲು ಪಾಲಾದರೂ ಅವರ ಕೈಯಲ್ಲಿದ್ದರೆ ಮುಂದುವರಿಯಿರಿ. ಅರ್ಧಕ್ಕರ್ಧ ಎನಿಸಿದರೆ ಹಣದ ಸಣ್ಣ ಪಾಲನ್ನಷ್ಟೇ ಫಲಕ್ಕೆ ಕಟ್ಟಿ. ಕಾಲುಭಾಗ ಮಾತ್ರ ಅವರದಾದರೆ ಈ ಗೋಜೇ ಬೇಡ, ದಿನಗೂಲಿ ಕೊಟ್ಟು ಪಕ್ಕದಲ್ಲಿ ನಿಂತು ಕೆಲಸ ಮಾಡಿಸಿಕೊಳ್ಳಿ. ಬೋರ್‌ವೆಲ್ ಲಾರಿಯವರು ಅಡಿ ಲೆಕ್ಕದಲ್ಲಿ ಹಣ ಕೇಳುವುದು ಏಕೆಂದು ಯೋಚಿಸಿದರೆ ಇದು ಅರ್ಥವಾಗುತ್ತದೆ. ನೀರು ಬಿದ್ದರೆ ಮಾತ್ರ ದುಡ್ಡು ಎಂಬ ಷರತ್ತಿಗೆ ಯಾರಾದರೂ ಒಪ್ಪಿದರು ಎಂದರೆ, ಬತ್ತಿದ ನಾಲ್ಕು ಕೊಳವೆಗಳ ಖರ್ಚನ್ನೂ ನೀರು ಬಿದ್ದ ನಿಮ್ಮ ಒಂದರ ಬಿಲ್ಲಿನಲ್ಲೇ ಸೇರಿಸಿರುತ್ತಾರೆ.

ಕಾನೂನೇ ಬೇಡವೆಂದ ಕಡೆಗಳೂ ಇವೆ. ಕೇಸು ಗೆದ್ದರೆ ಇಷ್ಟು ಪಾಲು ಎಂದು ವಕೀಲರ ಜತೆ ಮಾತಾಡಿಕೊಳ್ಳುವಂತಿಲ್ಲ, ಭಾರತೀಯ ಬಾರ್ ಕೌನ್ಸಿಲ್ ನಿಯಮ ಅದನ್ನು ತಡೆಯುತ್ತದೆ. ಚಾರ್ಟರ್ಡ್ ಅಕೌಂಟೆಂಟರಿಗೂ 1949ರ ಕಾಯ್ದೆಯಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ಇದೇ ಕಟ್ಟು. “ವಾಸಿಯಾದ ಮೇಲೆ ದುಡ್ಡು ಕೊಡಿ” ಎನ್ನುವ ಔಷಧಿಯವರಿಂದ ದೂರ ಇರಿ ಎಂದು ನಾನು ಹೇಳಬೇಕಾಗಿಲ್ಲ.

ಹೆಜ್ಜೆ 2: ಫಲ ಯಾವುದು, ಎಣಿಕೆ ಯಾವುದು?

ಹೆಚ್ಚಿನವರು ಎಡವುವುದು ಇಲ್ಲೇ. ಫಲವನ್ನು ಅಳೆಯುವುದು ಕಷ್ಟ, ಎಣಿಸುವುದು ಸುಲಭ. ಸುಲಭವಾದದ್ದನ್ನು ಕರಾರಿಗೆ ಹಾಕಿ ಕಷ್ಟವಾದದ್ದು ತಾನಾಗಿ ಬರಲೆಂದು ಕಾಯುತ್ತೇವೆ.

1902ರಲ್ಲಿ ಹನೋಯಿಯಲ್ಲಿ ನಡೆದದ್ದು ಇದೇ. ಪ್ಲೇಗಿಗೆ ಹೆದರಿದ ಫ್ರೆಂಚ್ ಆಡಳಿತ, ಇಲಿ ಕೊಂದವರಿಗೆ ಬಾಲಕ್ಕೆ ಇಷ್ಟು ಎಂದು ಬಹುಮಾನ ಸಾರಿತು. ಇಡೀ ಇಲಿ ತರಬೇಕಾಗಿಲ್ಲ, ಬಾಲ ಸಾಕು. ಬಾಲಗಳು ರಾಶಿ ಬಿದ್ದವು. ಆಮೇಲೆ ಊರಲ್ಲಿ ಬಾಲವಿಲ್ಲದ ಇಲಿಗಳು ಓಡಾಡುವುದು ಕಂಡಿತು: ಬಾಲ ಕತ್ತರಿಸಿ ಇಲಿಯನ್ನು ಬಿಟ್ಟರೆ ಅದು ಮರಿ ಹಾಕುತ್ತದೆ, ಮರಿಗೂ ಬಾಲ ಇರುತ್ತದೆ. ಕೆಲವರು ಇಲಿ ಸಾಕಲಿಕ್ಕೇ ಶುರುವಿಟ್ಟುಕೊಂಡಿದ್ದರು.

ನಗಬೇಡಿ. ನಮ್ಮ ಮನೆಯ ಅಂಗಳದಲ್ಲೂ ಇದೇ ನಡೆದಿದೆ. ಹಸಿ ಅಡಿಕೆ ಸುಲಿಯುವ ಹೆಂಗಸರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಸಂಜೆ ಮೆಟ್ಟುಗತ್ತಿಯ ಮುಂದೆ ಕೂತರೆ ರಾತ್ರಿ ಹನ್ನೊಂದರವರೆಗೆ ಕೈ ನಿಲ್ಲುವುದಿಲ್ಲ. ಡಬ್ಬ ತುಂಬುವ ಆತುರಕ್ಕೆ ಕತ್ತಿ ಒಳಗಿನ ಅಡಿಕೆಗೂ ತಾಗುತ್ತದೆ. ಹಾಗೆ ಗಾಯವಾದ ಅಡಿಕೆ ಬೇಯಿಸಿ ಒಣಗಿಸಿದ ಮೇಲೆ ದರ ಕಳೆದುಕೊಳ್ಳುತ್ತದೆ. ನಾವು ಎಣಿಸುತ್ತಿದ್ದುದು ಡಬ್ಬ, ನಮಗೆ ಬೇಕಾಗಿದ್ದುದು ಗಾಯವಿಲ್ಲದ ಅಡಿಕೆ. ಅಮ್ಮ ಇದಕ್ಕೆ ಕಂಡುಕೊಂಡ ದಾರಿ ಸರಳವಾಗಿತ್ತು. ಡಬ್ಬದ ಕೂಲಿಯನ್ನು ಹಾಗೇ ಬಿಟ್ಟರು. ಪ್ರತಿ ಡಬ್ಬದಿಂದ ಒಂದು ಬೊಗಸೆ ತೆಗೆದು ಚಾಪೆಯ ಮೇಲೆ ಹರಡಿ ಎಲ್ಲರೆದುರು ನೋಡುತ್ತಿದ್ದರು. ಗಾಯವಾದವು ನಾಲ್ಕೈದಕ್ಕಿಂತ ಕಡಿಮೆಯಿದ್ದರೆ ಆ ಡಬ್ಬಕ್ಕೆ ಸ್ವಲ್ಪ ಮೇಲುಕೂಲಿ. ಗಾಯಕ್ಕೆ ಕಡಿತವಿಲ್ಲ, ಚೊಕ್ಕ ಕೆಲಸಕ್ಕೆ ಸೇರ್ಪಡೆ. ಕರಾರು ಬರೆಯುವ ಪಾಠ ನನಗೆ ಆ ಚಾಪೆಯಷ್ಟು ಚೆನ್ನಾಗಿ ಇನ್ನಾವ ಪುಸ್ತಕವೂ ಹೇಳಿಲ್ಲ.

ಎಸ್‌ಟಿಪಿ ವಿಷಯದಲ್ಲಿ ‘ಎಣಿಕೆ’ ಎಂದರೆ ಪಾಳಿ, ಬ್ಲೋವರ್ ಓಡಿದ ಗಂಟೆ, ಬ್ಯಾಕ್‌ವಾಶ್ ಎಷ್ಟು ಸಲ ಎಂಬುದು. ‘ಫಲ’ ಎಂದರೆ ಹೊರಬರುವ ನೀರು. ಅದರ ಮುಖ್ಯ ಅಳತೆ ಬಿಒಡಿ: ನೀರಿನಲ್ಲಿ ಉಳಿದ ಕೊಳಕನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಕಡಿಮೆ ಇದ್ದಷ್ಟೂ ನೀರು ಶುದ್ಧ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನಮಗೆ ಕೊಟ್ಟ ಸಮ್ಮತಿ ಪತ್ರದಲ್ಲಿ ಇದು ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂದಿದೆ. ನಿಮ್ಮ ಪತ್ರದಲ್ಲಿ ಇರುವ ಅಂಕಿಯನ್ನೇ ಹಿಡಿಯಿರಿ, ಪಕ್ಕದ ಅಪಾರ್ಟ್‌ಮೆಂಟಿನದನ್ನು ನಕಲು ಮಾಡಬೇಡಿ. ಎರಡನೇ ಫಲ: ಶುದ್ಧವಾದ ನೀರು ಫ್ಲಶ್ ಟ್ಯಾಂಕಿಗೆ ತಿಂಗಳಲ್ಲಿ ಎಷ್ಟು ದಿನ ಏರಿತು? ಏರದ ದಿನ ನಾವು ಟ್ಯಾಂಕರ್ ನೀರನ್ನು ಕಮೋಡಿಗೆ ಸುರಿಯುತ್ತಿರುತ್ತೇವೆ.

ಎರಡು ಫಲ ಸಾಕು. ಹೆಚ್ಚೆಂದರೆ ಮೂರು ಇರಲಿ. ಆರೇಳು ಬರೆದರೆ ಯಾವುದಕ್ಕೂ ಬೆಲೆ ಇರುವುದಿಲ್ಲ.

ಹೆಜ್ಜೆ 3: ಈಗ ಎಲ್ಲಿದ್ದೀರಿ ಎಂದು ಅಳೆದುಕೊಳ್ಳಿ

ಕರಾರಿಗೆ ಮುಂಚೆ ಮೂರು ತಿಂಗಳು ಸುಮ್ಮನೆ ಅಳೆಯಿರಿ. ನಮ್ಮ ಬಿಒಡಿ ಮೂರು ತಿಂಗಳಲ್ಲಿ 34, 28, 41 ಬಂತು. ಈ ಅಂಕಿಗಳಿಲ್ಲದೆ ಹೋಗಿದ್ದರೆ ನಾವು ಮೊದಲ ತಿಂಗಳಿಂದಲೇ 10 ಕೇಳುತ್ತಿದ್ದೆವು, ಯಾವ ಕಂಪನಿಯೂ ಬರುತ್ತಿರಲಿಲ್ಲ. ಬಂದವರು ಮೂರು ತಿಂಗಳು ಬರಿಗೈಯಲ್ಲಿ ಹೋಗುತ್ತಿದ್ದರು. ಮೊದಲ ಮೂರು ತಿಂಗಳಿಗೆ 20, ಆಮೇಲೆ 10 ಎಂದು ಮೆಟ್ಟಿಲು ಹಾಕಲು ಸಾಧ್ಯವಾದದ್ದು ಇದರಿಂದ. ಈ ಹೆಜ್ಜೆಯಲ್ಲಿ ಬೇರೆ ಹೇಳುವಂಥದ್ದಿಲ್ಲ, ಬೇಸರದ ಕೆಲಸ, ಮಾಡಲೇಬೇಕು.

ಹೆಜ್ಜೆ 4: ಅಳೆಯುವವರು ಯಾರು?

ಹಣ ಕೊಡುವವರೂ ಅಲ್ಲ, ತೆಗೆದುಕೊಳ್ಳುವವರೂ ಅಲ್ಲ, ಮೂರನೆಯವರು. ಇದರಲ್ಲಿ ರಾಜಿ ಬೇಡ.

ಹಳೆಯ ಕರಾರಿನಲ್ಲಿ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುತ್ತಿದ್ದುದೂ ಅದೇ ಕಂಪನಿ. ಒಂದು ಸಲ ಬಿಒಡಿ 4 ಎಂದು ವರದಿ ಬಂತು. ಅದೇ ವಾರ ಎರಡನೇ ಮಹಡಿಯವರು ಫ್ಲಶ್ ನೀರಿನ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ವರದಿಯ ಕೆಳಗಡೆ ಇನ್ನೊಂದು ಅಂಕಿ ಇತ್ತು: ಟಿಡಿಎಸ್, ಅಂದರೆ ಕರಗಿದ ಲವಣ, 430. ನಮ್ಮ ಸಂಪಿನ ನೀರಿನ ಟಿಡಿಎಸ್ಸೇ 410. ಸ್ನಾನ, ಸೋಪು, ಮೂತ್ರ ಎಲ್ಲ ಸೇರಿ ನಮ್ಮ ಎಸ್‌ಟಿಪಿಯಿಂದ ಹೊರಬರುವ ನೀರಿನ ಟಿಡಿಎಸ್ ಯಾವಾಗಲೂ 700ರ ಆಸುಪಾಸು ಇರುತ್ತದೆ. ಎಸ್‌ಟಿಪಿ ಕೊಳಕನ್ನು ತೆಗೆಯುತ್ತದೆಯೇ ಹೊರತು ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಲ್ಯಾಬಿಗೆ ಹೋಗಿದ್ದುದು ಬಹುಪಾಲು ಸಂಪಿನ ನೀರು. ಯಾರು ಬೆರೆಸಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕರಾರು ಮುಂದುವರಿಯಲಿಲ್ಲ. ಅಂದಿನಿಂದ ನನ್ನ ಬ್ಯಾಗಿನಲ್ಲಿ ಪೆನ್ನಿನ ಗಾತ್ರದ ಟಿಡಿಎಸ್ ಮೀಟರ್ ಇದೆ.

ಈಗ ನಾವು ಮಾಡುವುದು ಹೀಗೆ. ಎನ್‌ಎಬಿಎಲ್ (ಪರೀಕ್ಷಾ ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬನ್ನು ಗೊತ್ತುಮಾಡಿ ಅದರ ಹಣ ಸಂಘದಿಂದಲೇ ಕೊಡುತ್ತೇವೆ. ತಿಂಗಳಿಗೆ ಎರಡು ಸಲ, ಮುಂಚೆ ತಿಳಿಸದ ದಿನ, ಲ್ಯಾಬಿನವರೇ ಬಂದು ಸ್ಯಾಂಪಲ್ ತೆಗೆದು ಐಸಿನ ಡಬ್ಬಿಯಲ್ಲಿ ಒಯ್ಯುತ್ತಾರೆ. ಸಂಘದ ಒಬ್ಬರು, ಕಂಪನಿಯ ಒಬ್ಬರು ಪಕ್ಕದಲ್ಲಿದ್ದು ಸೀಲಿನ ಮೇಲೆ ಸಹಿ ಹಾಕುತ್ತಾರೆ. ಬಿಒಡಿ ಪರೀಕ್ಷೆಗೆ 27 ಡಿಗ್ರಿಯಲ್ಲಿ ಮೂರು ದಿನ ಇಡಬೇಕಾದ್ದರಿಂದ ವರದಿ ಕೈಗೆ ಬರಲು ವಾರ ಹಿಡಿಯುತ್ತದೆ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡೇ ಬಿಲ್ಲಿನ ತಾರೀಕು ಗೊತ್ತುಮಾಡಿ.

ವಾರಗಟ್ಟಲೆ ಕಾಯುವ ಅಳತೆಯ ಜತೆಗೆ ನಿತ್ಯ ಕಣ್ಣಿಗೆ ಕಾಣುವ ಒಂದು ಅಳತೆಯೂ ಬೇಕು. ಒಂದು ಲೀಟರಿನ ಗಾಜಿನ ಜಾಡಿಗೆ ಏರೇಶನ್ ಟ್ಯಾಂಕಿನ, ಅಂದರೆ ಗಾಳಿ ಊದುವ ತೊಟ್ಟಿಯ, ಕಂದು ನೀರು ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಟ್ಟರೆ ಕೆಸರು ಕೆಳಗೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ನಮ್ಮಲ್ಲಿ ಕೆಸರು 250ರಿಂದ 400 ಮಿಲಿಲೀಟರ್ ಗೆರೆಯ ನಡುವೆ ಕೂತರೆ ಎಲ್ಲ ನೆಟ್ಟಗಿದೆ ಎಂದರ್ಥ. ಕೂರದೆ ಮೋಡದಂತೆ ತೇಲಿದರೆ ಏನೋ ಕೆಟ್ಟಿದೆ. ಇದಕ್ಕೆ ಓದು ಬೇಡ. ನಾಲ್ಕನೇ ಮಹಡಿಯ ನಿವೃತ್ತ ಮೇಷ್ಟ್ರು ದಿನಾ ವಾಕಿಂಗ್ ಮುಗಿಸಿ ಬಂದು ಜಾಡಿ ನೋಡಿ ಗೋಡೆಯ ಹಾಳೆಯಲ್ಲಿ ಅಂಕಿ ಬರೆಯುತ್ತಾರೆ. ಆದರೆ ಈ ಜಾಡಿಗೆ ಹಣ ಕಟ್ಟಿಲ್ಲ, ಬೇಕೆಂದೇ. ಹಣ ಕಟ್ಟಿದ ದಿನ ಜಾಡಿಗೂ ಯಾರಾದರೂ ಒಂದು ಉಪಾಯ ಹುಡುಕುತ್ತಾರೆ.

ಹೆಜ್ಜೆ 5: ಹಣವನ್ನು ಪಾಲು ಮಾಡುವುದು

ಇನ್ನು ಮಗುಚಿಕೊಂಡ ಕರಾರಿನ ಕಥೆ. ಹೊಸ ಕಂಪನಿಯ ಜತೆ ನಾವು ಮಾಡಿಕೊಂಡ ಮೊದಲ ಪತ್ರದಲ್ಲಿ ನೀರಿನ ಗುಣಮಟ್ಟದ ಜತೆಗೆ, ಕರೆಂಟ್ ಬಿಲ್ಲಿನಲ್ಲಿ ಉಳಿಸಿದ್ದರಲ್ಲಿ ಕಾಲುಭಾಗ ನಿಮಗೆ ಎಂದು ಬರೆದಿದ್ದೆವು. ಸಲಹೆ ನನ್ನದೇ. ಮೊದಲ ತಿಂಗಳು ಬಿಲ್ಲು ಏಳು ಸಾವಿರ ಇಳಿಯಿತು. ಗ್ರೂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಎರಡನೇ ತಿಂಗಳ ಮೂರನೇ ವಾರ ಟ್ಯಾಂಕಿನ ಕಂದು ಬಣ್ಣ ಕಪ್ಪಿಗೆ ತಿರುಗಿತು, ಕೊಳೆತ ಮೊಟ್ಟೆಯ ವಾಸನೆ ಲಿಫ್ಟಿನ ಬಾಗಿಲವರೆಗೂ ಬಂತು. ಕೆಳಗೆ ಓಡಿದೆ. ರಾಯಚೂರಿನ ಕಡೆಯ ಹುಡುಗ, ಆಪರೇಟರ್, ಗಾಬರಿಯಲ್ಲಿ ನಿಂತಿದ್ದ.

“ನೀವೇ ಹೇಳಿದ್ರಲ್ರೀ ಸರ, ಕರೆಂಟ್ ಉಳಿಸ್ರಿ ಅಂತ. ರಾತ್ರಿ ಹನ್ನೊಂದರಿಂದ ಐದರ ತನಕ ಬ್ಲೋವರ್ ಬಂದ್ ಇಡಾಕತ್ತೀವಿ.”

ಕೊಳಕನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಉಸಿರೇ ಆ ಬ್ಲೋವರಿನ ಗಾಳಿ. ರಾತ್ರಿ ಆರಾರು ಗಂಟೆ ಉಸಿರು ಕಟ್ಟಿಸಿದ್ದೆವು. ಮತ್ತೆ ಹದಕ್ಕೆ ಬರಲು ಬೇರೆ ಎಸ್‌ಟಿಪಿಯಿಂದ ಒಂದು ಟ್ಯಾಂಕರ್ ಜೀವಂತ ಕೆಸರು ತರಿಸಿ ಸುರಿಯಬೇಕಾಯಿತು. ಹುಡುಗನ ತಪ್ಪಿಲ್ಲ. ಕರಾರಿನಲ್ಲಿ ಏನು ಬರೆದಿತ್ತೋ ಅದನ್ನೇ ಮಾಡಿದ. ಗುಣಮಟ್ಟಕ್ಕೆ ಇಟ್ಟ ಹಣ ಕೈಗೆ ಬರಲು ತಿಂಗಳು ಬೇಕು, ಕರೆಂಟಿನ ಹಣ ಮೀಟರಿನಲ್ಲಿ ಅಂದಂದೇ ಕಾಣುತ್ತದೆ. ಜನ ಕಾಣುವ ಹಣದ ಕಡೆಗೇ ಹೋಗುತ್ತಾರೆ. ನಾವಾದರೂ ಅಷ್ಟೆ.

ಈಗ ನಮ್ಮ ಪಾಲು ಹೀಗಿದೆ. ಏನೇ ಆದರೂ ಕೊಡುವ ಮೊತ್ತ ತಿಂಗಳಿಗೆ 70 ಸಾವಿರ. ಮೂವರು ಆಪರೇಟರುಗಳ ಸಂಬಳ, ಪಿಎಫ್, ಇಎಸ್‌ಐ, ಸಣ್ಣಪುಟ್ಟ ರಾಸಾಯನಿಕ ಇದರಲ್ಲಿ ಬರುತ್ತವೆ. ಎರಡು ಸ್ಯಾಂಪಲ್‌ಗಳಿಗೆ ತಲಾ 9 ಸಾವಿರ: ಬಿಒಡಿ 10ರ ಒಳಗಿದ್ದರೆ ಪೂರ್ತಿ, 10ರಿಂದ 20ರ ನಡುವೆ ಅರ್ಧ, ಅದಕ್ಕೂ ಮೇಲಾದರೆ ಇಲ್ಲ. ಶುದ್ಧ ನೀರು ಫ್ಲಶ್ ಟ್ಯಾಂಕಿಗೆ ತಿಂಗಳಲ್ಲಿ 27 ದಿನ ಏರಿದರೆ 10 ಸಾವಿರ, ಕಡಿಮೆಯಾದ ಒಂದೊಂದು ದಿನಕ್ಕೆ ಸಾವಿರ ಕಡಿತ. ಎಲ್ಲವೂ ಸರಿಯಾದರೆ ಒಟ್ಟು 98 ಸಾವಿರ. ಹಳೆಯ 90ಕ್ಕಿಂತ ಜಾಸ್ತಿ. ಸರ್ವಸದಸ್ಯರ ಸಭೆಯಲ್ಲಿ ಇದಕ್ಕೆ ಗಲಾಟೆ ಆಯಿತು, “ದುಡ್ಡು ಉಳಿಸಲು ಹೋಗಿ ಜಾಸ್ತಿ ಮಾಡಿಕೊಂಡು ಬಂದಿರಾ” ಎಂದರು. ಸೋಲುವ ಭಯವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿದರೆ ಅದಕ್ಕೂ ಬಾಡಿಗೆ ಕೊಡಬೇಕಾಗುತ್ತದೆ. ಕೊಡಲು ಮನಸ್ಸಿಲ್ಲದಿದ್ದರೆ ಈ ಪದ್ಧತಿಗೆ ಕೈ ಹಾಕಬೇಡಿ.

ಈ ಪಾಲಿನಲ್ಲಿ ಮೂರು ವಿಷಯ ಗಮನಿಸಿ. ಮೊದಲನೆಯದು, ಕೆಲಸಗಾರರ ಸಂಬಳ ಫಲಿತಾಂಶಕ್ಕೆ ಕಟ್ಟಿಲ್ಲ. ಕಂಪನಿಯ ಲಾಭ ಏರಿಳಿಯಲಿ, ಆದರೆ ಪಾಳಿ ಮಾಡಿದ ಹುಡುಗನ ಕನಿಷ್ಠ ವೇತನ ಏರಿಳಿಯುವಂತಿಲ್ಲ. ಅದು ಕಾನೂನು, ಕಾನೂನು ಇಲ್ಲದಿದ್ದರೂ ಹಾಗೇ ಇರಬೇಕು. ಎರಡನೆಯದು, ಅರ್ಧದ ಮೆಟ್ಟಿಲು. 10 ಬಂದರೆ ಪೂರ್ತಿ, 11 ಬಂದರೆ ಸೊನ್ನೆ ಎಂದು ಬರೆದರೆ, 15ರಲ್ಲಿ ಇರುವವರು ಈ ತಿಂಗಳು ಹೇಗೂ ಹೋಯಿತೆಂದು ಕೈಬಿಡುತ್ತಾರೆ. ಮೂರನೆಯದು, ಇದರಲ್ಲಿ ‘ದಂಡ’ ಎಂಬ ಮಾತೇ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಪತ್ರದಲ್ಲಿ ಲಕ್ಷ ರೂಪಾಯಿ ದಂಡ ಬರೆದಿದ್ದರೂ ಆ ಮೊತ್ತ ತಾನಾಗಿ ಸಿಗದು. ಆ ಮಿತಿಯೊಳಗೆ ನ್ಯಾಯವೆನಿಸುವ ಪರಿಹಾರವನ್ನಷ್ಟೇ ಕೋರ್ಟು ಕೊಡಿಸುತ್ತದೆ. ಆದ್ದರಿಂದ ಕೊಟ್ಟು ಕಿತ್ತುಕೊಳ್ಳುವ ಹಾಗೆ ಬರೆಯುವುದಕ್ಕಿಂತ ಗಳಿಸಿದಾಗ ಕೊಡುವ ಹಾಗೆ ಬರೆಯುವುದು ಲೇಸು. ಅಮ್ಮನ ಮೇಲುಕೂಲಿಯೇ.

ಹೆಜ್ಜೆ 6: ನಮ್ಮ ಕಡೆಯ ಬಾಧ್ಯತೆ ಬರೆಯಿರಿ

ಇದನ್ನು ಯಾರೂ ಬರೆಯುವುದಿಲ್ಲ. ದೀಪಾವಳಿಯ ಎಣ್ಣೆಸ್ನಾನದ ಬೆಳಗ್ಗೆ 120 ಮನೆಗಳ ಎಣ್ಣೆ, ಸೀಗೆಪುಡಿ ಒಟ್ಟಿಗೆ ಕೆಳಗಿಳಿಯುತ್ತವೆ. ಪಾರ್ಟಿ ಹಾಲಿನಲ್ಲಿ ಅಡುಗೆಯವರು ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯುತ್ತಾರೆ. ಮನೆಗೆ ಬಣ್ಣ ಹೊಡೆಸಿದವರು ಉಳಿದ ಟರ್ಪೆಂಟೈನನ್ನು ಬಾತ್‌ರೂಮಿಗೆ ಚೆಲ್ಲುತ್ತಾರೆ. ಸೂಕ್ಷ್ಮಜೀವಿ ಸತ್ತರೆ ಆಪರೇಟರಿನ ಹಣ ಕಟ್ ಮಾಡುವುದು ಯಾವ ನ್ಯಾಯ? ನಮ್ಮ ಪತ್ರದಲ್ಲಿ ಒಂದು ಪುಟ ಪೂರ್ತಿ ಸಂಘದ ಬಾಧ್ಯತೆಗೇ ಇದೆ: ಪಾರ್ಟಿ ಹಾಲಿನ ಎಣ್ಣೆ ಹಿಡಿಯುವ ತೊಟ್ಟಿಯನ್ನು ಸಂಘವೇ ಶುಚಿ ಮಾಡಿಸಬೇಕು, ಕರೆಂಟ್ ಹೋದಾಗ ಜನರೇಟರ್ ಸಂಪರ್ಕ ಬ್ಲೋವರಿಗೂ ಇರಬೇಕು, ಮೋಟಾರು ಸುಟ್ಟರೆ ಐದು ದಿನದೊಳಗೆ ಹಣ ಮಂಜೂರು ಮಾಡಬೇಕು. ನಾವು ತಪ್ಪಿದ ತಿಂಗಳು ಅವರಿಗೆ ಹಿಂದಿನ ಮೂರು ತಿಂಗಳ ಸರಾಸರಿ ಹಣ. ಹೊರಗಿನ ಕಾರಣದಿಂದ ಕೆಟ್ಟರೆ ಆಪರೇಟರ್ 24 ಗಂಟೆಯೊಳಗೆ ಫೋಟೋ ಸಮೇತ ತಿಳಿಸಬೇಕು, ವರದಿ ಬಂದ ಮೇಲೆ ಹೇಳುವ ನೆಪಕ್ಕೆ ಬೆಲೆ ಇಲ್ಲ.

ಹೆಜ್ಜೆ 7: ಕಷ್ಟದ ಮರವನ್ನು ಬಿಟ್ಟುಬಿಡುತ್ತಾರೆ, ಎಚ್ಚರ

ತೆಂಗಿನಕಾಯಿ ಕೊಯ್ಯುವವರಿಗೆ ಮರದ ಲೆಕ್ಕದಲ್ಲಿ ಹಣ ಕೊಟ್ಟರೆ ಮನೆ ಮುಂದಿನ ಗಿಡ್ಡ ಮರಗಳೆಲ್ಲ ಬೆಳಗ್ಗೆ ಹತ್ತಕ್ಕೇ ಮುಗಿಯುತ್ತವೆ. ಹಿತ್ತಿಲ ಮೂಲೆಯಲ್ಲಿ ಬಾಗಿ ನಿಂತ ಹಳೇ ಮರಕ್ಕೆ “ಇನ್ನೊಂದು ದಿನ ಬರ್ತೀನಿ.” 2011ರಲ್ಲಿ ಬ್ರಿಟನ್ ಸರ್ಕಾರ ನಿರುದ್ಯೋಗಿಗಳಿಗೆ ಕೆಲಸ ಕೊಡಿಸುವ ಸಂಸ್ಥೆಗಳಿಗೆ, ಕೆಲಸ ಸಿಕ್ಕಿ ಅದು ಉಳಿದರೆ ಹಣ ಎಂಬ ಯೋಜನೆ ತಂದಾಗಲೂ ಇದೇ ದೂರು ಬಂತು. ಬೇಗ ಕೆಲಸ ಸಿಗುವಂಥವರನ್ನು ಮುಂದೆ ತಂದು, ಅಂಗವೈಕಲ್ಯ, ಕಾಯಿಲೆ ಇದ್ದವರನ್ನು ಮೂಲೆಗೆ ಕೂರಿಸಿದರು. ಕಷ್ಟದವರಿಗೆ ಹೆಚ್ಚು ದರ ಇಟ್ಟಿದ್ದರು, ಅದು ಸಾಲಲಿಲ್ಲ.

ಶಾಲೆ, ಟ್ಯೂಷನ್, ತರಬೇತಿಗೆ ಈ ಪದ್ಧತಿ ತರುವವರು ಇದನ್ನು ಎರಡು ಸಲ ಓದಿಕೊಳ್ಳಿ. ಇಂಗ್ಲೆಂಡಿನಲ್ಲಿ 1862ರಿಂದ ಮಕ್ಕಳು ಓದು, ಬರಹ, ಲೆಕ್ಕದ ಪರೀಕ್ಷೆ ಪಾಸಾದರೆ ತಲೆಗಿಷ್ಟು ಎಂದು ಶಾಲೆಗೆ ಅನುದಾನ ಕೊಡುತ್ತಿದ್ದರು. ಧಾರವಾಡ, ಬೆಳಗಾವಿ ಸೇರಿದ್ದ ಅಂದಿನ ಮುಂಬೈ ಪ್ರಾಂತದಲ್ಲೂ ಖಾಸಗಿ ಶಾಲೆಗಳಿಗೆ ಇದೇ ಬಗೆಯ ಅನುದಾನ ಇತ್ತು. ಇಂಗ್ಲೆಂಡಿನಲ್ಲಿ ಆದದ್ದೇನು? ಮಕ್ಕಳು ಪಾಠಪುಸ್ತಕವನ್ನು ಉರು ಹೊಡೆದರು, ಪರೀಕ್ಷೆಯಲ್ಲಿ ಇಲ್ಲದ ವಿಷಯಗಳು ತರಗತಿಯಿಂದ ಮಾಯವಾದವು. ಆ ಶತಮಾನ ಮುಗಿಯುವುದರೊಳಗೆ ಅದನ್ನು ಕೈಬಿಟ್ಟರು.

ಹಾಗೆಂದು ಶಿಕ್ಷಣದಲ್ಲಿ ಇದು ಆಗುವುದೇ ಇಲ್ಲ ಎನ್ನಲಾರೆ. ರಾಜಸ್ಥಾನದ ಭೀಲ್ವಾಡಾ ಜಿಲ್ಲೆಯಲ್ಲಿ 2015ರಿಂದ 2018ರವರೆಗೆ ಎಜುಕೇಟ್ ಗರ್ಲ್ಸ್ ಎಂಬ ಸಂಸ್ಥೆ 166 ಶಾಲೆಗಳಲ್ಲಿ ಕೆಲಸ ಮಾಡಿತು. ಖರ್ಚಿನ ಹಣವನ್ನು ಮುಂಗಡ ಹಾಕಿದ್ದು ಯುಬಿಎಸ್ ಆಪ್ಟಿಮಸ್ ಫೌಂಡೇಶನ್. ಫಲ ಬಂದರೆ ಅದನ್ನು ತೀರಿಸಬೇಕಾದದ್ದು ಚಿಲ್ಡ್ರನ್ಸ್ ಇನ್ವೆಸ್ಟ್‌ಮೆಂಟ್ ಫಂಡ್ ಫೌಂಡೇಶನ್. ಅಳೆದದ್ದು ಇವರಾರೂ ಅಲ್ಲದ ಐಡಿಇನ್‌ಸೈಟ್ ಎಂಬ ಸಂಸ್ಥೆ. ಹಣದ ನೂರಕ್ಕೆ 80 ಪಾಲು ಕಲಿಕೆಗೆ, 20 ಪಾಲು ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು ಮರಳಿ ಸೇರಿಸಿದ್ದಕ್ಕೆ. ಬರೀ ಪಾಸಾದವರನ್ನು ಎಣಿಸಲಿಲ್ಲ, ಪ್ರತಿ ಮಗು ಇದ್ದ ಜಾಗದಿಂದ ಎಷ್ಟು ಮುಂದೆ ಬಂತೆಂದು ನೋಡಿ, ಯೋಜನೆ ಇಲ್ಲದ ಊರುಗಳ ಮಕ್ಕಳ ಜತೆ ಹೋಲಿಸಿದರು. ಹಿಂದುಳಿದ ಮಗುವನ್ನು ಕೈಬಿಟ್ಟರೆ ನಷ್ಟವೇ ಆಗುವ ಲೆಕ್ಕ. ಎರಡನೇ ವರ್ಷದ ಕೊನೆಗೆ ಕಲಿಕೆಯ ಗುರಿಯಲ್ಲಿ ಅರ್ಧದಷ್ಟೇ ಆಗಿತ್ತು. ಸಂಸ್ಥೆ ಪಾಠದ ರೀತಿ ಬದಲಿಸಿತು, ಗೈರಾದ ಮಕ್ಕಳ ಮನೆಗೆ ಹೋಯಿತು. ಮೂರನೇ ವರ್ಷದ ಕೊನೆಗೆ ಗುರಿಯ 160 ಪ್ರತಿಶತ. ಎರಡನೇ ವರ್ಷಕ್ಕೇ ಲೆಕ್ಕ ಮುಗಿಸಿದ್ದರೆ ಅದನ್ನು ಸೋತ ಯೋಜನೆ ಎನ್ನುತ್ತಿದ್ದೆವು. ಕಲಿಕೆಯಂಥ ನಿಧಾನದ ಫಲಕ್ಕೆ ಒಂದು ವರ್ಷದ ಕರಾರು ಬರೆಯಬೇಡಿ.

ಹೆಜ್ಜೆ 8: ಕಾಗದ, ತಾರೀಕು, ಬಿಡುವ ದಾರಿ

ಪತ್ರ ಕನ್ನಡದಲ್ಲೇ ಇರಲಿ, ಕಡೇಪಕ್ಷ ಅಳತೆ ಮತ್ತು ಹಣದ ಪುಟವಾದರೂ. ನೆಲಮಾಳಿಗೆಯಲ್ಲಿ ಕೆಲಸ ಮಾಡುವವರು ಅದನ್ನು ಓದಬೇಕು. ನಾವು ಆ ಪುಟವನ್ನು ಲ್ಯಾಮಿನೇಟ್ ಮಾಡಿಸಿ ಬ್ಲೋವರ್ ಕೋಣೆಯ ಬಾಗಿಲಿಗೆ ಅಂಟಿಸಿದ್ದೇವೆ. ಗುಣಮಟ್ಟದ ಹಣ ಬಂದ ತಿಂಗಳು ಅದರಲ್ಲಿ ಒಂದು ಪಾಲು ಆಪರೇಟರುಗಳಿಗೆ ಹೋಗಬೇಕೆಂದೂ ಬರೆಸಿದೆವು. ಕಂಪನಿಯವರು ಮೊದಲು ಮುಖ ಸಿಂಡರಿಸಿದರು, ಆಮೇಲೆ ಒಪ್ಪಿದರು. ಗಾಳಿಯ ಗುಂಡಿ ಒತ್ತುವವನಿಗೆ ಏನೂ ಸಿಗದಿದ್ದರೆ ಇಷ್ಟೆಲ್ಲ ಬರೆದು ಏನು ಬಂತು?

ಅಳತೆಯ ನೆಪದಲ್ಲಿ ಹಣ ತಡೆದಿಟ್ಟುಕೊಳ್ಳಬೇಡಿ. ಕಂಪನಿ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ, 2006ರ ಎಂಎಸ್‌ಎಂಇ ಕಾಯ್ದೆಯಂತೆ ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನ ಮೀರುವಂತಿಲ್ಲ, ಮೀರಿದರೆ ಬಡ್ಡಿ ಬೀಳುತ್ತದೆ. ಕೆಲಸದ ಬಗ್ಗೆ ತಕರಾರಿದ್ದರೆ 15 ದಿನದೊಳಗೆ ಬರಹದಲ್ಲಿ ತಿಳಿಸಬೇಕು, ಇಲ್ಲದಿದ್ದರೆ ಒಪ್ಪಿಕೊಂಡಂತೆಯೇ. ಫೋನಿನಲ್ಲಿ ಬೈದದ್ದು ಲೆಕ್ಕಕ್ಕೆ ಬರುವುದಿಲ್ಲ.

ವರದಿ ತಪ್ಪೆಂದು ಯಾರಿಗಾದರೂ ಅನಿಸಿದರೆ ಮತ್ತೊಂದು ಲ್ಯಾಬಿನ ಪರೀಕ್ಷೆ. ಹೊಸ ವರದಿಯಲ್ಲಿ ಕೇಳಿದವರ ಮಾತು ನಿಜವಾದರೆ ಖರ್ಚು ಎದುರಿನವರದು, ಇಲ್ಲದಿದ್ದರೆ ಕೇಳಿದವರದು. ಅದಕ್ಕಾಗಿ ಸ್ಯಾಂಪಲ್ ತೆಗೆಯುವ ದಿನವೇ ಎರಡು ಬಾಟಲಿ ತುಂಬಿ, ಎರಡನೆಯದನ್ನು ಐಸಿನಲ್ಲೇ ಎರಡನೇ ಲ್ಯಾಬಿಗೆ ಅಂದೇ ಕಳಿಸಬೇಕು. ಬಿಒಡಿ ಸ್ಯಾಂಪಲ್ ಹಳಸಿದರೆ ಪರೀಕ್ಷೆಗೆ ಬಾರದು, ವರದಿ ನೋಡಿದ ಮೇಲೆ ಬಾಟಲಿ ಹುಡುಕಿ ಪ್ರಯೋಜನವಿಲ್ಲ. ನಾವು ಪ್ರತಿ ಸಲ ಹೀಗೆ ಮಾಡುವುದಿಲ್ಲ, ಹಿಂದಿನ ತಿಂಗಳು ಜಗಳವಾಗಿದ್ದರೆ ಮಾತ್ರ.

ಇನ್ನು ಬಿಟ್ಟುಹೋಗುವ ದಾರಿ. ಮೂರು ತಿಂಗಳು ಸತತವಾಗಿ ಗುಣಮಟ್ಟದ ಹಣ ಸೊನ್ನೆಯಾದರೆ ಎರಡೂ ಕಡೆಯವರು 30 ದಿನದ ನೋಟಿಸಿನಲ್ಲಿ ಕರಾರು ಮುಗಿಸಬಹುದು. ಮುಗಿಸುವಾಗ ಟ್ಯಾಂಕಿನಲ್ಲಿ ಜೀವಂತ ಕೆಸರು ಇರಬೇಕು, ಅಂದರೆ ಜಾಡಿಯಲ್ಲಿ ಕನಿಷ್ಠ 250ರ ಗೆರೆ. ಹಳೆಯ ಕಂಪನಿ ಹೋಗುವಾಗ ಹಿಂದಿನ ರಾತ್ರಿ ಕೆಸರನ್ನೆಲ್ಲ ಟ್ಯಾಂಕರಿಗೆ ಹೀರಿಸಿ ಕಳಿಸಿತ್ತು. ಪತ್ರದಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ಈಗಿನ ಪತ್ರದಲ್ಲಿ ಕೊನೆಯ ತಿಂಗಳ ಹಣ ಬಿಡುಗಡೆಯಾಗುವುದು ಮೇಷ್ಟ್ರು ಜಾಡಿ ನೋಡಿ, ಗೋಡೆಯ ಹಾಳೆಯಲ್ಲಿ ಅಂಕಿ ಬರೆದು, ಪಕ್ಕದಲ್ಲಿ ಸಹಿ ಹಾಕಿದ ಮೇಲೆ. ಜಾಡಿಗೆ ಹಣ ಕಟ್ಟಿರುವುದು ಆ ಒಂದು ದಿನಕ್ಕೆ ಮಾತ್ರ.